ನೆಟ್ಟ ಸಸಿಗೆ ಮೇ ತಿಂಗಳಲ್ಲಿ ನೀರೆರೆಯುವವರು ಯಾರು?

ಪ್ರತಿ ವರ್ಷ ಜೂನ್ 5 ಬಂತೆಂದರೆ ನಮ್ಮ ಊರುಗಳ ಶಾಲೆಗಳಲ್ಲಿ ಒಂದೇ ಬಗೆಯ ದೃಶ್ಯ ಕಾಣಸಿಗುತ್ತದೆ. ಅಂಗಳದ ಅಂಚಿನಲ್ಲಿ ನಾಲ್ಕಾರು ಗುಂಡಿಗಳನ್ನು ತೋಡಿರುತ್ತಾರೆ. ಕಪ್ಪು ಪ್ಲಾಸ್ಟಿಕ್ ಚೀಲದ ಸಸಿಯೊಂದನ್ನು ಹತ್ತು ಕೈಗಳು ಹಿಡಿದಿರುತ್ತವೆ. ಅವುಗಳಲ್ಲಿ ಎಂಟು ದೊಡ್ಡವರ ಕೈಗಳು, ಅಂಚಿನಲ್ಲೆಲ್ಲೋ ಎರಡು ಮಾತ್ರ ಮಗುವಿನವು. ಫೋಟೋ ತೆಗೆಯುತ್ತಾರೆ, ಒಂದು ಕೊಡ ನೀರು ಸುರಿಯುತ್ತಾರೆ, ಪರಿಸರದ ಬಗ್ಗೆ ನಾಲ್ಕು ಮಾತುಗಳಾಗುತ್ತವೆ, ಮಕ್ಕಳಿಗೆ ಸಿಹಿ ಹಂಚುತ್ತಾರೆ. ಮರುವರ್ಷ ಅದೇ ದಿನ, ಅದೇ ಗುಂಡಿಯಲ್ಲಿ ಮತ್ತೊಂದು ಸಸಿ. ಹೊಸದಾಗಿ ಗುಂಡಿ ಅಗೆಯುವ ಕೂಲಿ ಉಳಿಯಿತೆಂದು ಸಮಾಧಾನಪಟ್ಟುಕೊಳ್ಳಬೇಕಷ್ಟೆ.

ಅಂದಿನ ಕೇಂದ್ರ ಸಚಿವ ಕೆ.ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದ್ದು 1950ರಲ್ಲಿ. ಮುಕ್ಕಾಲು ಶತಮಾನ ಸಂದಿತು. ಈ ಅವಧಿಯಲ್ಲಿ ನೆಟ್ಟದ್ದೆಲ್ಲ ಬದುಕಿದ್ದರೆ ನಮ್ಮ ಶಾಲೆಗಳ ಅಂಗಳದಲ್ಲಿ ಮಕ್ಕಳಿಗೆ ಆಡಲು ಜಾಗವೇ ಇರುತ್ತಿರಲಿಲ್ಲ. ನಮ್ಮ ರಾಜ್ಯದ ಅರಣ್ಯ ಇಲಾಖೆಯೂ ಮಗುವಿಗೊಂದು ಮರ, ಶಾಲೆಗೊಂದು ವನ ಎಂಬ ಹೆಸರಿನ ಯೋಜನೆಯನ್ನು ತಂದಿದೆ, ಚಿಣ್ಣರ ವನದರ್ಶನದ ಹೆಸರಿನಲ್ಲಿ ಮಕ್ಕಳನ್ನು ಕಾಡಿಗೆ ಕರೆದೊಯ್ದಿದೆ. ಯೋಜನೆಗಳಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಸರ್ಕಾರವನ್ನೋ ಶಿಕ್ಷಕರನ್ನೋ ದೂರುವುದು ಈ ಬರಹದ ಉದ್ದೇಶವಲ್ಲ. ಆ ಅಂಗಳದಲ್ಲಿ ಓದುತ್ತಿರುವವರು ನಮ್ಮ ಮಕ್ಕಳು. ಆ ಸಸಿ ಒಣಗಿದ್ದನ್ನು ದಿನವೂ ನೋಡುತ್ತ ಶಾಲೆಗೆ ಹೋಗಿ ಬರುವವರೂ ನಮ್ಮ ಮಕ್ಕಳೇ. ಒಣಗಿದ ಸಸಿಯನ್ನು ನೋಡಿ ನೋಡಿ ಅವರು ಕಲಿಯುವ ಪಾಠವೇನು ಎಂಬುದು ನಮ್ಮ ಚಿಂತೆ.

ನಾವು ಮಾತನಾಡುತ್ತಿರುವುದು ಮುಖ್ಯವಾಗಿ ಸೊರಬ ತಾಲೂಕಿನ ಜಡೆ ಸೀಮೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ಮಲೆನಾಡು ತನ್ನ ಬೆಟ್ಟಗಳನ್ನು ಇಳಿಸಿ ಬಯಲಿನತ್ತ ಮುಖ ಮಾಡುವ ನೆಲವಿದು. ಒಂದು ಕಡೆ ಬನವಾಸಿ, ಇನ್ನೊಂದು ಕಡೆ ಆನವಟ್ಟಿ, ಅದರಾಚೆ ಹಾನಗಲ್ಲಿನ ಸೀಮೆ. ವರದೆಯ ನೀರು ಕಂಡ ಊರುಗಳು. ಭತ್ತದ ಗದ್ದೆ, ಅಡಿಕೆ ತೋಟ, ಇತ್ತೀಚಿನ ವರ್ಷಗಳಲ್ಲಿ ಶುಂಠಿ ಮತ್ತು ಮೆಕ್ಕೆಜೋಳ. ಇವುಗಳ ನಡುವೆ ಅಲ್ಲಲ್ಲಿ ಕಪ್ಪಗೆ, ದಟ್ಟವಾಗಿ ನಿಂತ ಕಾನುಗಳು. ಸೊರಬದವರಿಗೆ ಕಾನು ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಬೇರೆ ಜಿಲ್ಲೆಗಳ ಓದುಗರಿಗಾಗಿ ಹೇಳುವುದಾದರೆ, ಬಯಲು ಮತ್ತು ಎಲೆ ಉದುರುವ ಕಾಡಿನ ನಡುವೆ ದ್ವೀಪದಂತೆ ಉಳಿದಿರುವ ನಿತ್ಯಹಸಿರು ಕಾಡಿನ ತುಂಡುಗಳಿವು. ಊರಿನವರೇ ತಲೆತಲಾಂತರದಿಂದ ಕಾಯ್ದುಕೊಂಡು ಬಂದವು. ಕಾಡುಮೆಣಸು, ಮುರುಗಲು, ಉಪ್ಪಾಗೆ, ಬೈನೆ, ದಾಲ್ಚಿನ್ನಿ, ಹಲಸು, ಮಾವು ಎಲ್ಲ ಅಲ್ಲಿಂದಲೇ ಮನೆಗೆ ಬರುತ್ತಿದ್ದವು. ಕಾನಿನ ತಂಪಿನಲ್ಲಿ ಹುಟ್ಟುವ ಊಟೆಯ ನೀರು ಕೆರೆಗೆ, ಕೆರೆಯಿಂದ ಗದ್ದೆಗೆ ಇಳಿಯುತ್ತಿತ್ತು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಇಬ್ಬರು ಬ್ರಿಟಿಷ್ ಸರ್ಕಾರದ ಅಧಿಕಾರಿಗಳು ಈ ಕಾನುಗಳ ಬಗ್ಗೆ ವರದಿ ಬರೆದಾಗ ಸೊರಬ ತಾಲೂಕೊಂದರಲ್ಲೇ 171 ಕಾನುಗಳಿದ್ದವು. ಅವುಗಳ ಒಟ್ಟು ವಿಸ್ತಾರ ಸುಮಾರು 13 ಸಾವಿರ ಹೆಕ್ಟೇರ್. ಇಂದು ಉಳಿದಿರುವವು ಎಷ್ಟು ಎಂಬುದನ್ನು ತಿಳಿಯಲು ಯಾವ ವರದಿಯೂ ಬೇಕಿಲ್ಲ. ಜಡೆಯಿಂದ ಸೊರಬಕ್ಕೆ ಬಸ್ಸಿನ ಕಿಟಕಿಯ ಪಕ್ಕ ಕುಳಿತು ಹೋದರೆ ಸಾಕು.

ಇಂಥ ನೆಲದ ಶಾಲೆಯ ಅಂಗಳದಲ್ಲಿ ನಾವು ನೆಡುವುದು ಏನನ್ನು? ಗುಲ್‌ಮೊಹರ್, ಮಳೆಮರ, ಟಬೂಬಿಯಾ, ಇಲ್ಲದಿದ್ದರೆ ಅಕೇಶಿಯಾ. ಬೇಗ ಬೆಳೆಯುತ್ತದೆ, ಆಡು ದನ ಮುಟ್ಟುವುದಿಲ್ಲ ಎಂಬುದು ಅಕೇಶಿಯಾದ ಪರವಾಗಿ ಹೇಳುವ ಮಾತು. ಎರಡೂ ನಿಜ. ದನ ಮುಟ್ಟದ ಸೊಪ್ಪನ್ನು ಇಲ್ಲಿನ ಹುಳವೂ ಹೆಚ್ಚಾಗಿ ಮುಟ್ಟುವುದಿಲ್ಲ, ಹುಳವಿಲ್ಲದ ಮರಕ್ಕೆ ಹಕ್ಕಿ ಮರಿಗಳ ಹೊಟ್ಟೆ ತುಂಬಿಸಲು ಬರುವುದಿಲ್ಲ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಭದ್ರಾವತಿಯ ಕಾಗದದ ಕಾರ್ಖಾನೆಗಾಗಿ ಸಾವಿರಾರು ಹೆಕ್ಟೇರ್ ನೆಲದಲ್ಲಿ ನೆಡುತೋಪು ಎದ್ದಿತು. 2020ರಲ್ಲಿ ಅದರ ಗುತ್ತಿಗೆಯ ಅವಧಿ ಮುಗಿದು, ಮತ್ತೆ 40 ವರ್ಷಕ್ಕೆ ನವೀಕರಿಸುವ ಮಾತು ಬಂದಾಗ ನಮ್ಮೂರಿಗೆ ಅಕೇಶಿಯಾ ಬೇಡ ಎಂದು ಜಿಲ್ಲೆಯ ಜನ ಬೀದಿಗಿಳಿದರು. ಊರ ಹೊರಗೆ ಬೇಡವೆಂದ ಮರವನ್ನು ಶಾಲೆಯ ಅಂಗಳದಲ್ಲಿ ಮಕ್ಕಳ ಕೈಯಿಂದ ನೆಡಿಸುವುದರಲ್ಲಿ ಅರ್ಥವಿಲ್ಲ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕಾಗಿದೆ. ಸ್ಥಳೀಯ, ವಿದೇಶಿ, ಪರಕೀಯ ಎಂಬ ಪದಗಳು ಕಿವಿಗೆ ಬಿದ್ದೊಡನೆ ನಮ್ಮವರಲ್ಲಿ ಅನೇಕರ ಮನಸ್ಸು ಸ್ವಲ್ಪ ಮುದುಡಿಕೊಳ್ಳುತ್ತದೆ. ಅದಕ್ಕೆ ಕಾರಣವಿದೆ, ಮರಗಳನ್ನು ಕುರಿತು ಆಡುವ ಮಾತು ಮನುಷ್ಯರ ಕಡೆಗೆ ತಿರುಗುವುದಕ್ಕೆ ನಮ್ಮ ಕಾಲದಲ್ಲಿ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಆದ್ದರಿಂದ ಸ್ಪಷ್ಟವಾಗಿರಲಿ: ಹೊರಗಿನಿಂದ ಬಂದದ್ದು ಎಂಬ ಒಂದೇ ಕಾರಣಕ್ಕೆ ಯಾವ ಗಿಡವೂ ಕೆಟ್ಟದ್ದಾಗುವುದಿಲ್ಲ. ನಮ್ಮ ಸಾರಿನ ಮೆಣಸಿನಕಾಯಿ ಅಮೆರಿಕ ಖಂಡದಿಂದ ಬಂದದ್ದು, ಗೇರು ಕೂಡ ಅಲ್ಲಿನದೇ. ಚಿಕ್ಕಮಗಳೂರಿನ ಬೆಟ್ಟಕ್ಕೆ ಯಮನ್‌ನಿಂದ ಕಾಫಿ ಬೀಜ ತಂದವರು ಬಾಬಾ ಬುಡನ್ ಎಂಬುದು ನಾಡಿನ ಪ್ರತೀತಿ. ಹೈದರಲಿ 1760ರಲ್ಲಿ ಲಾಲ್‌ಬಾಗ್ ಕಟ್ಟಲು ತೊಡಗಿದ, ಟಿಪ್ಪು ಸುಲ್ತಾನ್ ದೂರದೇಶಗಳಿಂದ ಸಸಿಗಳನ್ನು ತರಿಸಿ ಅದನ್ನು ಬೆಳೆಸಿದ. ತೋಟಕ್ಕೆ ಅತಿಥಿಗಳು ಬರಲಿ, ಯಾರ ತಕರಾರೂ ಇಲ್ಲ. ಆದರೆ ಶಾಲೆಯಲ್ಲಿ ಇರುವುದು ನಾಲ್ಕು ಗುಂಡಿಗಳು ಮಾತ್ರ. ಆ ನಾಲ್ಕರಲ್ಲಿ ಯಾವ ಮರ ನಿಂತರೆ ಈ ನೆಲದ ಹಕ್ಕಿ, ಜೇನು, ಚಿಟ್ಟೆಗಳಿಗೆ ಅನ್ನ ಸಿಗುತ್ತದೆ ಎಂಬುದಷ್ಟೇ ಪ್ರಶ್ನೆ. ಮರದ ವಂಶಾವಳಿಯನ್ನು ಯಾರೂ ಕೇಳುತ್ತಿಲ್ಲ, ಅದರ ಪಂಕ್ತಿಯಲ್ಲಿ ಎಷ್ಟು ಮಂದಿ ಉಣ್ಣುತ್ತಾರೆಂದು ಕೇಳುತ್ತಿದ್ದೇವೆ.

ಹೀಗೆ ಕೇಳುವುದನ್ನು ನಮಗೆ ಕಲಿಸಿದ್ದು ನಮ್ಮ ದೀನ್. ವಿಶ್ವಾಸಿಯೊಬ್ಬನು ನೆಟ್ಟ ಗಿಡದಿಂದ ಅಥವಾ ಬಿತ್ತಿದ ಪೈರಿನಿಂದ ಮನುಷ್ಯನಾಗಲಿ ಹಕ್ಕಿಯಾಗಲಿ ಪ್ರಾಣಿಯಾಗಲಿ ತಿಂದರೆ ಅದು ಅವನ ಪಾಲಿಗೆ ಸದಕವಾಗುತ್ತದೆ ಎಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದ್ದನ್ನು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಕಾಣುತ್ತೇವೆ. ಜುಮಾ ಖುತ್ಬಾಗಳಲ್ಲಿ ನಾವೆಲ್ಲ ಅನೇಕ ಸಲ ಕೇಳಿದ ಹದೀಸ್ ಇದು. ಆದರೆ ಹಕ್ಕಿ ತಿನ್ನದ, ಪ್ರಾಣಿ ಮುಟ್ಟದ, ಮನುಷ್ಯನಿಗೂ ಹಣ್ಣು ಕೊಡದ ಮರವನ್ನೇ ಹುಡುಕಿ ನೆಟ್ಟು ಈ ಹದೀಸನ್ನು ಬ್ಯಾನರಿನಲ್ಲಿ ಮುದ್ರಿಸುವಾಗ ನಮಗೆ ಸಂಕೋಚವಾಗಬೇಕಿತ್ತು. ನೆಡುವುದು ಮಾತ್ರವಲ್ಲ, ತಿನ್ನುವುದೂ ಆ ಮಾತಿನಲ್ಲಿ ಸೇರಿದೆ. ನೆಟ್ಟದ್ದು ಬದುಕಿ, ಬೆಳೆದು, ಕಾಯಿ ಬಿಟ್ಟು, ಯಾರದೋ ಬಾಯಿಗೆ ಬಿದ್ದಾಗಲೇ ಲೆಕ್ಕ ಶುರುವಾಗುವುದು.

ಸಲ್ಮಾನುಲ್ ಫಾರಿಸಿ(ರ)ಯವರ ಬಿಡುಗಡೆಯ ಕತೆಯನ್ನು ನಮ್ಮ ಮದ್ರಸಗಳಲ್ಲಿ ಮಕ್ಕಳಿಗೆ ಹೇಳಿಕೊಡುತ್ತಾರೆ. ಪರ್ಶಿಯಾದಿಂದ ಸತ್ಯವನ್ನರಸಿ ಹೊರಟು, ಮೋಸಕ್ಕೊಳಗಾಗಿ ಗುಲಾಮರಾಗಿ ಮದೀನಾಕ್ಕೆ ಬಂದ ಸಹಾಬಿ ಅವರು. ಯಜಮಾನನು ಅವರ ಬಿಡುಗಡೆಗೆ ವಿಧಿಸಿದ ಬೆಲೆ ಮುನ್ನೂರು ಖರ್ಜೂರದ ಮರಗಳು ಮತ್ತು ನಲ್ವತ್ತು ಊಖಿಯಾ ಚಿನ್ನ. ಮುಸ್ನದ್ ಅಹ್ಮದ್‌ನಲ್ಲಿ ಬಂದಿರುವ ಈ ವರದಿಯಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಕರಾರು ಮುನ್ನೂರು ಸಸಿಗಳನ್ನು ನೆಡುವುದಕ್ಕಲ್ಲ, ಮುನ್ನೂರಕ್ಕೂ ಜೀವ ಹಿಡಿಸಿ ಕೊಡುವುದಕ್ಕೆ. ಸಹಾಬಿಗಳು ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಒಬ್ಬರು ಮೂವತ್ತು, ಒಬ್ಬರು ಇಪ್ಪತ್ತು, ಒಬ್ಬರು ಹತ್ತು ಎಂದು ಸಸಿಗಳನ್ನು ತಂದುಕೊಟ್ಟರು. ಗುಂಡಿಗಳನ್ನು ಸಲ್ಮಾನ್(ರ) ಸಂಗಾತಿಗಳ ನೆರವಿನಿಂದ ತಾವೇ ತೋಡಿದರು. ತೋಡಿ ಮುಗಿದ ಮೇಲೆ ಪ್ರವಾದಿ(ಸ) ಸ್ವತಃ ಬಂದು ಒಂದೊಂದಾಗಿ ತಮ್ಮ ಕೈಯಿಂದ ನೆಟ್ಟರು. ಒಂದೇ ಒಂದು ಸಸಿಯೂ ಸಾಯಲಿಲ್ಲ ಎಂದು ಸಲ್ಮಾನ್(ರ) ಆಣೆಯಿಟ್ಟು ಹೇಳುತ್ತಾರೆ. ಒಬ್ಬ ಮನುಷ್ಯನ ಸ್ವಾತಂತ್ರ್ಯ ಸಸಿ ಬದುಕುವುದರ ಮೇಲೆ ನಿಂತಿತ್ತು. ಅಲ್ಲಿ ಫೋಟೋಕ್ಕೆ ಸಾಲುಗಟ್ಟಿ ನಿಂತ ಗಣ್ಯರಿರಲಿಲ್ಲ. ಗುಂಡಿ ತೋಡಿದವರಿದ್ದರು, ಸಸಿ ಹೊತ್ತು ತಂದವರಿದ್ದರು.

ಇದರ ಪಕ್ಕದಲ್ಲಿ ನಮ್ಮ ಕಾಲದ ಒಂದು ಪ್ರಸಂಗವನ್ನು ಇಟ್ಟು ನೋಡೋಣ. 2019ರ ನವೆಂಬರ್ 11ರಂದು ತುರ್ಕಿಯಲ್ಲಿ ದೇಶಾದ್ಯಂತ ಒಂದೇ ದಿನ 1.1 ಕೋಟಿ ಸಸಿಗಳನ್ನು ನೆಡುವ ಆಂದೋಲನ ನಡೆಯಿತು. ಮುಸ್ಲಿಮ್ ಜಗತ್ತಿನ ಹೆಮ್ಮೆಯೆಂದು ನಾವೂ ಮೊಬೈಲಿನಲ್ಲಿ ಹಂಚಿಕೊಂಡೆವು. ಕೆಲವೇ ತಿಂಗಳಲ್ಲಿ ಅಲ್ಲಿನ ಕೃಷಿ ಮತ್ತು ಅರಣ್ಯ ನೌಕರರ ಸಂಘವೊಂದು, ತಾನು ಪರಿಶೀಲಿಸಿದ ಜಾಗಗಳಲ್ಲಿ ಶೇ. 90ರವರೆಗೆ ಸಸಿಗಳು ಸತ್ತಿವೆ ಎಂದಿತು. ಅಲ್ಲಿನ ಸರ್ಕಾರ ಅದನ್ನು ಒಪ್ಪಲಿಲ್ಲ. ಯಾರ ಲೆಕ್ಕ ಸರಿ ಎಂಬ ಜಗಳ ನಮಗೆ ಬೇಡ. ಸಂಘದವರು ಕೊಟ್ಟ ಕಾರಣ ಮಾತ್ರ ನಮ್ಮೂರಿನದೇ ಎನ್ನುವಂತಿದೆ: ಕಾಲವಲ್ಲದ ಕಾಲದಲ್ಲಿ ನೆಟ್ಟರು, ತಿಳಿಯದವರ ಕೈಯಲ್ಲಿ ನೆಡಿಸಿದರು, ನೀರಿರಲಿಲ್ಲ.

ನಾವೇನೂ ಹೆಚ್ಚು ತಿಳಿದವರಲ್ಲ. ಕೆಲವು ವರ್ಷಗಳ ಹಿಂದೆ ನಾವು ಕೆಲವರು ಸೇರಿ ಒಂದು ಶಾಲೆಯ ಹಿಂದಿನ ಜಾಗದಲ್ಲಿ ಉತ್ಸಾಹದಿಂದ ಸಸಿ ನೆಟ್ಟಿದ್ದೆವು. ಮಳೆಗಾಲವಿಡೀ ಅವು ನಿಂತಿದ್ದವು, ಡಿಸೆಂಬರಿಗೆ ಒಂದೊಂದಾಗಿ ಬಾಡತೊಡಗಿದವು. ಸತ್ತದ್ದನ್ನು ಕಿತ್ತು ನೋಡಿದರೆ ಬುಡದಲ್ಲಿ ಪ್ಲಾಸ್ಟಿಕ್ ಚೀಲ ಹಾಗೆಯೇ ಇತ್ತು. ಬೇರುಗಳು ಅದರೊಳಗೇ ಸುರುಳಿ ಸುತ್ತಿಕೊಂಡು ಉಸಿರುಗಟ್ಟಿದ್ದವು. ಚೀಲ ಹರಿದು ನೆಡಬೇಕೆಂದು ಯಾರೂ ಹೇಳಿರಲಿಲ್ಲ, ನಾವೂ ಯಾರನ್ನೂ ಕೇಳಿರಲಿಲ್ಲ. ಅಂದು ಸಸಿ ಹಿಡಿದು ನಿಂತಿದ್ದ ಮಕ್ಕಳಲ್ಲಿ ಒಬ್ಬ ರೈತನ ಮಗನಿದ್ದ, ಅವನನ್ನು ಕೇಳಿದ್ದರೂ ಸಾಕಿತ್ತು. ಆದರೆ ಅವನಿಗೆ ಕೊಟ್ಟಿದ್ದ ಕೆಲಸ ಬ್ಯಾನರ್ ಹಿಡಿಯುವುದು.

ಇನ್ನೊಂದು ತೊಡಕನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಶಾಲೆಯಿಂದ ಮಗು ಅರಳಿಯ ಸಸಿಯನ್ನೋ ಅತ್ತಿಯ ಸಸಿಯನ್ನೋ ಮನೆಗೆ ತಂದರೆ, ಇದು ಅವರ ಮರ, ನಮಗೇಕೆ ಎಂದು ಹಿಂದಕ್ಕೆ ಕಳಿಸುವ ಮನೆಗಳು ನಮ್ಮಲ್ಲಿವೆ. ಕಾನು ಎಂದರೂ ಅಷ್ಟೇ, ಅದು ದೇವರಕಾಡು, ಅಲ್ಲಿಗೂ ನಮಗೂ ಸಂಬಂಧವಿಲ್ಲ ಎನ್ನುವವರಿದ್ದಾರೆ. ತೌಹೀದ್‌ನ ಕುರಿತ ಎಚ್ಚರದಿಂದಲೇ ಈ ಮಾತು ಬರುವುದರಿಂದ ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಹುದೈಬಿಯಾದಲ್ಲಿ ಯಾವ ಮರದ ಕೆಳಗೆ ಪ್ರತಿಜ್ಞೆ ನಡೆದಿತ್ತೋ ಆ ಮರವೆಂದು ಜನ ಒಂದರ ಬಳಿ ಸೇರತೊಡಗಿದಾಗ ಉಮರ್(ರ) ಅದನ್ನು ಕಡಿಸಿದರೆಂಬ ವರದಿಯೂ ಇದೆ. ಆದರೆ ಅದೇ ಪರಂಪರೆಯಲ್ಲಿ ಮದೀನಾದ ಎರಡು ಕಪ್ಪುಕಲ್ಲಿನ ಬಯಲುಗಳ ನಡುವಿನ ಪ್ರದೇಶವನ್ನು ಪ್ರವಾದಿ(ಸ) ಹರಮ್ ಎಂದು ಸಾರಿ ಅಲ್ಲಿನ ಮರ ಕಡಿಯುವುದನ್ನು ನಿಷೇಧಿಸಿದ್ದೂ ಇದೆ. ಸೈನ್ಯವನ್ನು ಕಳಿಸುವಾಗ ಅಬೂಬಕರ್(ರ) ಫಲ ಕೊಡುವ ಮರವನ್ನು ಕಡಿಯಬೇಡಿರೆಂದು ಆಜ್ಞಾಪಿಸಿದ್ದು ಇಮಾಮ್ ಮಾಲಿಕರ ಮುವತ್ತಾದಲ್ಲಿದೆ. ಅದೂ ಶತ್ರುವಿನ ನೆಲದ ಮರಗಳ ಬಗ್ಗೆ. ಮರವನ್ನು ಪೂಜಿಸದಿರುವುದು ಬೇರೆ, ಮರಕ್ಕೆ ಬೆನ್ನು ತಿರುಗಿಸುವುದು ಬೇರೆ. ಕುರ್‌ಆನ್ ಗಿಡಮರಗಳನ್ನು ಸೃಷ್ಟಿಕರ್ತನಿಗೆ ಸಾಷ್ಟಾಂಗವೆರಗುವವುಗಳ ಸಾಲಿನಲ್ಲಿ ಎಣಿಸುತ್ತದೆ. ಅರಳಿಯ ಮರವನ್ನು ಅದರಿಂದ ಹೊರಗಿಟ್ಟಿಲ್ಲ.

ನಮ್ಮ ನೆರೆಯವರು ಕಾನನ್ನು ಕಾಯ್ದದ್ದು ಅವರ ನಂಬಿಕೆಯ ಕಾರಣದಿಂದ. ಆ ನಂಬಿಕೆ ನಮ್ಮದಲ್ಲ. ಆದರೆ ಅವರು ಕಾಯ್ದ ಕಾನಿನ ನೀರು ಹರಿದು ಬಂದ ಕೆರೆಯ ಕೆಳಗೆ ನಮ್ಮವರ ಗದ್ದೆಗಳೂ ಇದ್ದವು. ನೂರಾರು ವರ್ಷ ಉಂಡ ಆ ಋಣವನ್ನು ನಾವು ಒಪ್ಪಿಕೊಳ್ಳಬೇಕಲ್ಲವೇ? ಅಲ್ಲದೆ ಅರಳಿ, ಆಲ, ಬಸರಿ, ಅತ್ತಿಗಳ ಹಣ್ಣು ವರ್ಷದ ಬೇರೆ ಬೇರೆ ಕಾಲದಲ್ಲಿ ಮಾಗುವುದರಿಂದ, ಕಾಡಿನಲ್ಲಿ ಬೇರೆ ಹಣ್ಣಿಲ್ಲದ ದಿನಗಳಲ್ಲಿ ಹಕ್ಕಿಗಳಿಗೂ ಮಂಗ, ಬಾವಲಿಗಳಿಗೂ ಅವೇ ಆಧಾರ. ಸದಕದ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಅನ್ನಛತ್ರ ಯಾವುದಿದೆ? ಒಂದು ಎಚ್ಚರಿಕೆ ಮಾತ್ರ: ಇವುಗಳ ಬೇರು ಗೋಡೆಯನ್ನು ಸೀಳುತ್ತದೆ. ಶಾಲೆಯ ಕಟ್ಟಡದಿಂದ ದೂರ, ಆಟದ ಮೈದಾನದ ಆಚೆ ಅಂಚಿಗೆ ನೆಡಬೇಕು.

ತಾಯಂದಿರ ಭಯವೊಂದಿದೆ, ಅದನ್ನೂ ಗೌರವದಿಂದ ಕೇಳಬೇಕು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಇದೇ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಜಗತ್ತಿನ ವೈದ್ಯಶಾಸ್ತ್ರ ಆ ಕಾಯಿಲೆಯನ್ನು ಗುರುತಿಸುವುದು ನಮ್ಮ ಈ ಹಳ್ಳಿಯ ಹೆಸರಿನಿಂದಲೇ. ಉಣುಗು ಕಚ್ಚಿ ಜ್ವರ ಬಂದು ಮನೆಯವರನ್ನು ಕಳೆದುಕೊಂಡ ಕುಟುಂಬಗಳಿರುವ ಸೀಮೆಯಲ್ಲಿ, ಶಾಲೆಯ ಬಳಿ ಕಾಡು ಬೆಳೆಸುತ್ತೇವೆ ಎಂದರೆ ತಾಯಿ ಹೆದರುವುದು ಸಹಜ. ಆದರೆ ಕಾಯಿಲೆ ಹೆಚ್ಚುವುದು ಒಣಗಾಲದಲ್ಲಿ, ಡಿಸೆಂಬರಿನಿಂದ ಮೇವರೆಗೆ, ಕಾಡಿನೊಳಗೆ ಸೌದೆ ದರಗಿಗೆ ಹೋಗುವವರಲ್ಲಿ. ಮಕ್ಕಳು ಗುಂಡಿ ತೋಡಿ ಸಸಿ ನೆಡುವುದು ಮಳೆ ಹಿಡಿದ ಜೂನ್, ಜುಲೈನಲ್ಲಿ, ಊರೊಳಗಿನ ಶಾಲೆಯ ಅಂಗಳದಲ್ಲಿ. ಹುಲ್ಲು ಬೆಳೆಯದಂತೆ ನೋಡಿಕೊಳ್ಳಬೇಕು, ಮಂಗ ಸತ್ತದ್ದು ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು ಎಂಬುದನ್ನು ಇದೇ ನೆಪದಲ್ಲಿ ಮಕ್ಕಳಿಗೆ ಕಲಿಸಬಹುದು. ಕಾಡನ್ನು ತುಂಡು ತುಂಡು ಮಾಡಿ ಮಂಗಗಳನ್ನು ಊರಿಗೆ ಅಟ್ಟಿದವರು ನಾವೇ ಎಂಬುದನ್ನು ಕೂಡ.

ಹಾಗಾದರೆ ಏನನ್ನು ನೆಡೋಣ? ಜಡೆಯ ಮಣ್ಣಿಗೆ ಹೊಂಗೆ, ನೇರಳೆ, ಹಲಸು, ಕಾಟುಮಾವು, ನೆಲ್ಲಿ, ಹೊನ್ನೆ, ಮತ್ತಿ, ನಂದಿ, ಅಂಟುವಾಳ, ರಂಜಲು, ಸಂಪಿಗೆ ಒಗ್ಗುತ್ತವೆ. ತಂಪಿನ ಜಾಗವಿದ್ದರೆ ಮುರುಗಲು, ಉಪ್ಪಾಗೆ. ಎಲ್ಲವನ್ನೂ ನರ್ಸರಿಯಿಂದ ತರಬೇಕಾಗಿಲ್ಲ. ನಿಜ ಹೇಳಬೇಕೆಂದರೆ ತರಬಾರದು. ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡ ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದುಡಿದು, ಯಾವ ಜಾತಿಯ ತಾಯಿಮರ ಕಾಡಿನ ಯಾವ ಮೂಲೆಯಲ್ಲಿದೆ, ಅದರ ಬೀಜವನ್ನು ಯಾವಾಗ ಆರಿಸಬೇಕು ಎಂಬುದನ್ನು ಬೆರಳ ತುದಿಯಲ್ಲಿಟ್ಟುಕೊಂಡಿದ್ದರು. ಆ ಜ್ಞಾನಕ್ಕಾಗಿಯೇ ದೇಶ ಅವರಿಗೆ ಪದ್ಮಶ್ರೀ ಕೊಟ್ಟಿತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ನಮ್ಮ ಮಕ್ಕಳಿಗೆ ಆ ವಿದ್ಯೆಯ ಅಆಇಈ ಕಲಿಸಲು ಊರಿನಲ್ಲಿ ತಾಯಿಮರಗಳು ಇನ್ನೂ ಇವೆ. ಅವುಗಳಲ್ಲಿ ಕೆಲವು ಇರುವುದು ನಮ್ಮ ಖಬರಸ್ಥಾನಗಳಲ್ಲಿ. ಹಳೆಯ ಖಬರಸ್ಥಾನಗಳಲ್ಲಿ ಕೊಡಲಿ ಬೀಳದ್ದರಿಂದ ಊರಿನ ಬೇರೆಲ್ಲೂ ಇಲ್ಲದ ಮರಗಳು ಅಲ್ಲಿ ಉಳಿದಿವೆ. ಕೆಲವು ಕಡೆ ಆದಾಯದ ಆಸೆಗೆ ಅವನ್ನು ತೆಗೆದು ಅಕೇಶಿಯಾ ನೆಟ್ಟಿರುವುದನ್ನು ಕಂಡು ಮನಸ್ಸು ನೊಂದಿದೆ. ಆ ಮಾತು ಇನ್ನೊಮ್ಮೆ.

ಬೀಜದ ಕೆಲಸ ಮಕ್ಕಳಿಗೆ ಹೇಳಿ ಮಾಡಿಸಿದ್ದು. ಹಲಸಿನ ಬೀಜವನ್ನು ಒಣಗಿಸಿಟ್ಟರೆ ಸಾಯುತ್ತದೆ, ಹಣ್ಣು ತಿಂದ ವಾರದೊಳಗೆ ಮಣ್ಣಿಗೆ ಹಾಕಬೇಕು. ಅದರ ತಾಯಿಬೇರು ನೇರ ಆಳಕ್ಕೆ ಇಳಿಯುವುದರಿಂದ ಚೀಲಕ್ಕಿಂತ ನೆಡುವ ಜಾಗದಲ್ಲೇ ಬಿತ್ತುವುದು ಮೇಲು. ಅಂಟುವಾಳದ ಬೀಜಕ್ಕೆ ಕಲ್ಲಿನಂಥ ಸಿಪ್ಪೆ, ಸ್ವಲ್ಪ ಉಜ್ಜಿ ನೀರಿನಲ್ಲಿ ನೆನೆಸದಿದ್ದರೆ ತಿಂಗಳುಗಟ್ಟಲೆ ಸುಮ್ಮನಿರುತ್ತದೆ. ಹೊಂಗೆಗೆ ಯಾವ ಉಪಚಾರವೂ ಬೇಡ. ಇಂಥದ್ದನ್ನು ಕೈಯಾರೆ ಮಾಡಿದ ಮಗು, ತನ್ನ ಬೀಜ ಮೊಳೆತ ಬೆಳಿಗ್ಗೆ ಶಾಲೆಗೆ ಓಡುತ್ತದೆ. ಬೀಜದುಂಡೆಗಳನ್ನು ಎಸೆದು ಬಂದು ಕಾಡು ಬೆಳೆಸಿದೆವೆಂದು ನಂಬುವುದಕ್ಕಿಂತ ಒಂದು ತರಗತಿ ಹತ್ತು ಸಸಿಗಳನ್ನು ಏಳನೇ ತರಗತಿಯವರೆಗೆ ಸಾಕುವುದು ದೊಡ್ಡ ಕೆಲಸ.

ಮರಗಳು ದೊಡ್ಡದಾಗುವವರೆಗೆ ಮಕ್ಕಳ ತಾಳ್ಮೆ ಕಾಯುವುದಿಲ್ಲ; ಅದಕ್ಕೆ ಕೈತೋಟ. ನುಗ್ಗೆ, ಬಸಳೆ, ಹರಿವೆ, ಕರಿಬೇವು, ಒಂದೆಲಗ. ಒಂದೂವರೆ ತಿಂಗಳಲ್ಲಿ ಹರಿವೆ ಸೊಪ್ಪು ಬಿಸಿಯೂಟದ ಸಾರಿಗೆ ಬೀಳುತ್ತದೆ. ಕರಿಬೇವಿನ ಎಲೆಯನ್ನು ಹುಳು ತಿಂದರೆ ಔಷಧಿ ಸಿಂಪಡಿಸಲು ಓಡಬೇಡಿರೆಂದು ಶಿಕ್ಷಕರಲ್ಲಿ ನಮ್ಮ ವಿನಂತಿ. ಅದು ಚಿಟ್ಟೆಯ ಮರಿ. ಎರಡು ವಾರ ಕಾದರೆ ಮಕ್ಕಳ ಕಣ್ಣೆದುರೇ ರೆಕ್ಕೆ ಬಿಚ್ಚುತ್ತದೆ. ಬೇಲಿಗೆ ಈಶ್ವರಿ ಬಳ್ಳಿ ಹಬ್ಬಿಸಿದರೆ ನಮ್ಮ ರಾಜ್ಯದ ಚಿಟ್ಟೆಯೆಂದು ಘೋಷಿತವಾದ ಸದರ್ನ್ ಬರ್ಡ್‌ವಿಂಗ್ ಮೊಟ್ಟೆಯಿಡಲು ಹುಡುಕಿಕೊಂಡು ಬಂದೀತು. ಆ ಬಳ್ಳಿ ವಿಷದ್ದು, ಬಾಯಿಗೆ ಹಾಕಬಾರದೆಂದು ಚಿಕ್ಕವರಿಗೆ ಮೊದಲೇ ಹೇಳಿರಬೇಕು.

ಈಗ ಶೀರ್ಷಿಕೆಯ ಪ್ರಶ್ನೆಗೆ ಬರೋಣ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಶಾಲೆಗೆ ರಜೆ. ಜೂನ್‌ನಲ್ಲಿ ನೆಟ್ಟ ಸಸಿಗೆ ಅದು ಮೊದಲ ಬೇಸಿಗೆ, ಅದರ ಸಾವು ಬದುಕು ಆ ಐವತ್ತು ದಿನಗಳಲ್ಲಿ ತೀರ್ಮಾನವಾಗುತ್ತದೆ. ಆಗ ಶಾಲೆಯ ಗೇಟಿಗೆ ಬೀಗ. ಸಾಲುಮರದ ತಿಮ್ಮಕ್ಕ ಹುಲಿಕಲ್ಲಿನಿಂದ ಕುದೂರಿನ ರಸ್ತೆಯಲ್ಲಿ 385 ಆಲದ ಮರಗಳನ್ನು ಬೆಳೆಸಿದ್ದು ಗಂಡನೊಡನೆ ಕೊಡ ಹೊತ್ತು ಕಿಲೋಮೀಟರುಗಟ್ಟಲೆ ನಡೆದು. ಕಳೆದ 2025ರ ನವೆಂಬರಿನಲ್ಲಿ ಆ ತಾಯಿ ಕಣ್ಮುಚ್ಚಿದಾಗ ನಾವೆಲ್ಲ ಸಂತಾಪ ಸೂಚಿಸಿದೆವು. ನಮ್ಮ ಶಾಲೆಯ ಸಸಿಗಳಿಗೆ ಅಷ್ಟು ದೂರದಿಂದ ನೀರು ತರಬೇಕಾಗಿಲ್ಲ. ಅನೇಕ ಊರುಗಳಲ್ಲಿ ಶಾಲೆಗೂ ಮಸೀದಿಗೂ ನಡುವೆ ಇರುವುದು ಒಂದು ಗೋಡೆ ಅಥವಾ ಒಂದು ರಸ್ತೆ.

ಪ್ರವಾದಿ(ಸ) ಒಂದು ಮುದ್ದ್ ನೀರಿನಲ್ಲಿ, ಅಂದರೆ ಸುಮಾರು ಮುಕ್ಕಾಲು ಲೀಟರಿನಲ್ಲಿ ವುಝೂ ಮುಗಿಸುತ್ತಿದ್ದರು. ನಮ್ಮ ನಲ್ಲಿಗಳ ಕೆಳಗೆ ಒಬ್ಬೊಬ್ಬರು ಎಷ್ಟು ಸುರಿಸುತ್ತೇವೆಂದು ನಾವೇ ಬಲ್ಲೆವು. ತಲೆಗೆ ಮೂರೇ ಲೀಟರ್ ಎಂದು ಹಿಡಿಯೋಣ. ದಿನಕ್ಕೆ ಐದೂ ಹೊತ್ತು ಸೇರಿ ನೂರು ಮಂದಿ ವುಝೂ ಮಾಡುವ ಸಣ್ಣ ಮಸೀದಿಯಲ್ಲಿ 300 ಲೀಟರ್ ಚರಂಡಿ ಸೇರುತ್ತದೆ. ಬುಡಕ್ಕೆ ತರಗೆಲೆಯನ್ನೋ ತೆಂಗಿನ ಸಿಪ್ಪೆಯನ್ನೋ ಹೊದಿಸಿದ ಸಸಿಯೊಂದಕ್ಕೆ ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೊಮ್ಮೆ ಹತ್ತು ಲೀಟರ್ ಕೊಟ್ಟರೆ ಬದುಕುತ್ತದೆ. ಒಂದು ದಿನದ ವುಝೂವಿನ ನೀರಿನಲ್ಲಿ ಮೂವತ್ತು ಸಸಿಗಳಿಗೆ ನೀರುಣಿಸಬಹುದು ಎಂದಾಯಿತು. ವುಝೂ ಮಾಡಿದ ನೀರನ್ನು ಗಿಡಕ್ಕೆ ಹಾಯಿಸಲು ಯಾವ ಅಡ್ಡಿಯೂ ಇಲ್ಲ, ಸೋಪಿನ ನೀರು ಬೆರೆಯದಂತೆ ನೋಡಿಕೊಂಡರೆ ಸಾಕು. ಬೇಕಾಗಿರುವುದು ಒಂದು ತೊಟ್ಟಿ, ಇಪ್ಪತ್ತು ಮೂವತ್ತು ಅಡಿ ಪೈಪು, ಶಾಲೆಯ ಎಸ್‌ಡಿಎಂಸಿಯ ಒಪ್ಪಿಗೆ ಮತ್ತು ಜಮಾಅತ್ ಕಮಿಟಿಯ ಒಂದು ಸಭೆ. ಮಸೀದಿಯ ಅಂಗಳಕ್ಕೆ ಇಂಟರ್‌ಲಾಕ್ ಹಾಸಲು ಲಕ್ಷಗಟ್ಟಲೆ ಚಂದಾ ಎತ್ತುವ ನಮಗೆ ಇದು ಭಾರವಲ್ಲ.

ದಮಾಸ್ಕಸ್‌ನಲ್ಲಿ ಸಸಿ ನೆಡುತ್ತಿದ್ದ ಅಬುದ್ದರ್ದಾ(ರ) ಅವರನ್ನು ದಾರಿಹೋಕನೊಬ್ಬ ಕಂಡು, ಪ್ರವಾದಿಯ ಸಂಗಾತಿಯಾಗಿದ್ದ ನೀವು ಈ ಕೆಲಸ ಮಾಡುವುದೇ ಎಂದು ಅಚ್ಚರಿಪಟ್ಟನಂತೆ. ಆತುರಪಡಬೇಡ ಎಂದು ಅವನನ್ನು ತಡೆದು ಅವರು ಹೇಳಿದ್ದು ಗಿಡ ನೆಡುವುದು ಸದಕವೆಂಬ ಪ್ರವಾದಿವಚನವನ್ನೇ. ನಮ್ಮ ಕಮಿಟಿಗಳ ಹಿರಿಯರು ರಜೆಯ ದಿನಗಳಲ್ಲಿ ಅಸರ್ ನಮಾಝಿನ ಬಳಿಕ ಬಕೆಟ್ ಹಿಡಿದು ಶಾಲೆಯ ಅಂಗಳಕ್ಕೆ ಹೋದರೆ ನಮ್ಮಲ್ಲೂ ಯಾರಾದರೂ ಅಚ್ಚರಿಪಟ್ಟಾರು. ಜೊತೆಗೆ ಮನೆಯ ಮಕ್ಕಳು ಬರುತ್ತಾರೆ, ಅವರೊಂದಿಗೆ ಅದೇ ತರಗತಿಯ ನೆರೆಮನೆಯ ಮಕ್ಕಳೂ ಬರುತ್ತಾರೆ. ಒಂದೇ ಸಸಿಗೆ ಸರದಿಯಲ್ಲಿ ನೀರು ಹಾಕುವ ಫಾತಿಮಾ ಮತ್ತು ಗೌರಿಗೆ ದೊಡ್ಡವರ ಜಗಳಗಳು ಅಷ್ಟು ಬೇಗ ಅಂಟಲಾರವು ಎಂಬ ಆಸೆಯೂ ನಮಗಿದೆ, ಅದನ್ನು ಮುಚ್ಚಿಡುವುದಿಲ್ಲ.

ಈ ಬೇಸಿಗೆಯ ಹಲಸಿನ ಹಣ್ಣು ಇನ್ನೇನು ಮಾಗಲಿದೆ. ಅಂಗಡಿಯ ಚೀಲದಲ್ಲಿ ಬಂದದ್ದಕ್ಕಿಂತ ಊರಿನ ಹಳೆಯ ಮರದ, ರುಚಿಯೆಂದು ಅಜ್ಜಿಯರು ಹೆಸರಿಟ್ಟು ಕರೆಯುವ ಹಲಸಿನ ಬೀಜವನ್ನು ಎತ್ತಿಡಿ. ರಜೆಗೆ ಮೊದಲು ಮುಖ್ಯೋಪಾಧ್ಯಾಯರನ್ನು ಕಂಡು ಗೇಟಿನ ಬೀಗದ ಕೈ ಯಾರ ಬಳಿ ಇರುತ್ತದೆಂದು ಕೇಳಿಟ್ಟುಕೊಳ್ಳಿ.